ಬೇನೆ ಬಂದ ಹೊತ್ತು

ದಿನ ತುಂಬಿದ ಬಸುರಿಗೆ ಯಾವ ದಿನ ಹೆರಿಗೆಯಾಗುತ್ತದೆ ಎಂದು ಯಾರೂ ಕರಾರುವಾಕ್ಕಾಗಿ ಹೇಳಲಾರರು. ತಾಯಿ ಕಾರ್ಡಿನಲ್ಲಿ ಬರೆದಿರುವ ತಾರೀಕು ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹಾಕಿದ ಅಂದಾಜು. ಸರಿಯಾಗಿ ಅದೇ ತಾರೀಕಿಗೆ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು. 37 ವಾರ ತುಂಬಿದ ಮೇಲೆ 42 ವಾರದೊಳಗೆ ಯಾವಾಗ ಹೆರಿಗೆಯಾದರೂ ವೈದ್ಯರು ಅದನ್ನು ಸಕಾಲವೆಂದೇ ಎಣಿಸುತ್ತಾರೆ. ಆದರೂ ಕಾರ್ಡಿನ ತಾರೀಕು ದಾಟಿದ ಮರುದಿನವೇ ಫೋನುಗಳು ಶುರುವಾಗುತ್ತವೆ. "ಇನ್ನೂ ಆಗಿಲ್ವಾ?" ಎಂಬ ಪ್ರಶ್ನೆಗೆ ಉತ್ತರ ಹೇಳಿ ಹೇಳಿಯೇ ಬಸುರಿ ಅರ್ಧ ಸುಸ್ತಾಗಿರುತ್ತಾಳೆ. 41 ವಾರ ದಾಟಿದರೆ ಮಾತ್ರ ವಿಷಯ ಬೇರೆ. ಮಾಸಿನ ಕೆಲಸ ಕುಂದಿ ಮಗುವಿಗೆ ತೊಂದರೆಯಾಗುವ ಸಂಭವ ಹೆಚ್ಚುವುದರಿಂದ, ಔಷಧ ಕೊಟ್ಟು ಬೇನೆ ಬರಿಸುವ ಯೋಚನೆ ಆಗ ಬರುತ್ತದೆ.

ಬೇನೆ ತಾನಾಗಿ ಶುರುವಾಗುವುದಕ್ಕೆ ಒಂದೇ ಕಾರಣವಿಲ್ಲ. ತಾಯಿ, ಮಗು, ಮಾಸು ಮೂರರಲ್ಲೂ ನಡೆಯುವ ಬದಲಾವಣೆಗಳು ಒಟ್ಟುಗೂಡಿ ಅದನ್ನು ತರುತ್ತವೆ. ಒಂಬತ್ತು ತಿಂಗಳು ಗರ್ಭಕೋಶವನ್ನು ಸುಮ್ಮನಿರಿಸಿದ್ದ ಪ್ರೊಜೆಸ್ಟರಾನ್ ಹಾರ್ಮೋನಿನ ಹಿಡಿತ ಸಡಿಲವಾಗುತ್ತದೆ. ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಗರ್ಭಕೋಶದ ಬಾಯಿಯನ್ನು ಮೆತ್ತಗೆ ಮಾಡುತ್ತವೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಹಾರ್ಮೋನು ಬಿಟ್ಟು ಬಿಟ್ಟು ಒಸರುತ್ತದೆ, ಗರ್ಭಕೋಶದ ಸ್ನಾಯುಗಳು ಅದಕ್ಕೆ ಮೊದಲಿಗಿಂತ ಎಷ್ಟೋ ಪಾಲು ಚುರುಕಾಗಿ ಓಗೊಡುತ್ತವೆ. ಪಿಟ್ಯುಟರಿಯ ಸಾರ ಗರ್ಭಕೋಶವನ್ನು ಸಂಕುಚಿಸುತ್ತದೆ ಎಂದು 1906ರಲ್ಲಿ ಕಂಡುಕೊಂಡವನು ಇಂಗ್ಲೆಂಡಿನ ಹೆನ್ರಿ ಡೇಲ್. ಅಮೆರಿಕದ ವಿನ್ಸೆಂಟ್ ಡು ವಿನ್ಯೋ 1953ರಲ್ಲಿ ಆಕ್ಸಿಟೋಸಿನ್ನನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿ, 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ. ಇವತ್ತು ಹೆರಿಗೆ ವಾರ್ಡಿನಲ್ಲಿ "ನೋವಿನ ಡ್ರಿಪ್" ಎಂದು ಕರೆಯುವುದು ಅದನ್ನೇ. ಬಸುರಿಯಾಗುವ ಮುನ್ನ ಎಪ್ಪತ್ತು ಗ್ರಾಮಿನ ಆಸುಪಾಸು ತೂಗುತ್ತಿದ್ದ ಗರ್ಭಕೋಶ ಈ ಹೊತ್ತಿಗೆ ಒಂದು ಕಿಲೋದಷ್ಟಾಗಿರುತ್ತದೆ. ಹೆಣ್ಣಿನ ದೇಹದ ಬಲವಾದ ಸ್ನಾಯುಗಳಲ್ಲಿ ಅದೂ ಒಂದು.

ಎಲ್ಲ ನೋವೂ ಹೆರಿಗೆ ನೋವಲ್ಲ. ಕೊನೆಯ ತಿಂಗಳುಗಳಲ್ಲಿ ಹೊಟ್ಟೆ ಆಗಾಗ ಬಿಗಿದು ಗಟ್ಟಿಯಾಗಿ, ಸ್ವಲ್ಪ ಹೊತ್ತಿಗೆ ಸಡಿಲಾಗುತ್ತದೆ. 1872ರಲ್ಲಿ ಲಂಡನ್ನಿನ ವೈದ್ಯ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಇದನ್ನು ವಿವರಿಸಿ ಬರೆದ. ಅದಕ್ಕೂ ಮೊದಲೇ ಇದು ಹುಸಿ ನೋವು ಎಂದು ಗುರುತಿಸಲು ಸೂಲಗಿತ್ತಿಯರಿಗೆ ಗೊತ್ತಿತ್ತು. ಹುಸಿ ನೋವಿಗೆ ಲಯವಿಲ್ಲ, ಮಗ್ಗುಲು ಬದಲಿಸಿದರೆ ಅಥವಾ ನಾಲ್ಕು ಹೆಜ್ಜೆ ನಡೆದರೆ ಇಳಿಯುತ್ತದೆ. ನಿಜವಾದ ಬೇನೆ ಹೆಚ್ಚಾಗಿ ಸೊಂಟದಲ್ಲಿ ಹುಟ್ಟಿ, ಸುತ್ತಿಕೊಂಡು ಹೊಟ್ಟೆಯ ಮುಂದಕ್ಕೆ ಬರುತ್ತದೆ. ಅರ್ಧ ಗಂಟೆಗೊಮ್ಮೆ ಬರುತ್ತಿದ್ದದ್ದು ಇಪ್ಪತ್ತು ನಿಮಿಷಕ್ಕೆ, ಹತ್ತು ನಿಮಿಷಕ್ಕೆ ಇಳಿಯುತ್ತಾ, ಪ್ರತಿ ಸಲವೂ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಹಳ್ಳಿಗಳಲ್ಲಿ ಜೀರಿಗೆ ಕಷಾಯ ಕುಡಿಸಿ ನೋಡುವ ರೂಢಿಯಿದೆ. ಹುಸಿಯಾದರೆ ಇಳಿಯುತ್ತದೆ, ನಿಜವಾದರೆ ಜೋರಾಗುತ್ತದೆ ಎಂಬ ನಂಬಿಕೆ. ಕಷಾಯ ಕಾಯಿಸಿ, ಕುಡಿಸಿ, ಕಾದು ನೋಡುವ ಆ ಅರ್ಧ ಮುಕ್ಕಾಲು ಗಂಟೆಯೇ ಹೆಚ್ಚಿನ ಕೆಲಸ ಮಾಡುತ್ತದೆ ಎನ್ನಬೇಕು. ಅದರಿಂದ ನಷ್ಟವೇನೂ ಇಲ್ಲ. ಬೇನೆ ಬರಲೆಂದು ಹರಳೆಣ್ಣೆ ಕುಡಿಸುವುದು ಹಾಗಲ್ಲ. ವಾಂತಿ ಭೇದಿಯಾಗಿ, ಹೆರಿಗೆಗೆ ಮುಂಚೆಯೇ ಬಸುರಿ ನಿತ್ರಾಣಳಾಗುತ್ತಾಳೆ.

ಬೇನೆಯ ಜೊತೆಗೆ, ಕೆಲವೊಮ್ಮೆ ಅದಕ್ಕೂ ಒಂದೆರಡು ದಿನ ಮುಂಚೆ, ರಕ್ತದ ಗೆರೆ ಸೇರಿದ ಲೋಳೆ ಹೋಗುತ್ತದೆ. ಇಷ್ಟು ದಿನ ಗರ್ಭಕೋಶದ ಬಾಯಿಯನ್ನು ಮುಚ್ಚಿದ್ದ ಬಿರಡೆ ಅದು. ಮಗುವಿನ ಸುತ್ತ ಇರುವ ನೀರಿನ ಚೀಲ ಸಾಮಾನ್ಯವಾಗಿ ಬೇನೆ ಜೋರಾದ ಮೇಲೆ ಒಡೆಯುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಬೇನೆಗೆ ಮೊದಲೇ ನೀರು ಹೋಗುವುದು ಹತ್ತರಲ್ಲಿ ಒಬ್ಬರಿಗೆ ಮಾತ್ರ. ನೀರು ಹೋದರೆ ಬೇನೆ ಇಲ್ಲದಿದ್ದರೂ ಆಸ್ಪತ್ರೆಗೆ ಹೋಗಬೇಕು, ಸೋಂಕಿನ ದಾರಿ ತೆರೆದಿರುತ್ತದೆ. ಆ ನೀರು ಹಸಿರು ಬಣ್ಣದ್ದಾಗಿದ್ದರೆ ಮಗು ಒಳಗೇ ಮಲ ವಿಸರ್ಜಿಸಿದೆ ಎಂದರ್ಥ. ಅಂಥ ನೀರು ಕಂಡರೆ, ಮುಟ್ಟಿನಂತೆ ರಕ್ತ ಹೋದರೆ, ಮಗುವಿನ ಅಲುಗಾಟ ಕಡಿಮೆಯಾದರೆ, ತಲೆ ಸಿಡಿಯುವಂತೆ ನೋವು ಬಂದು ಕಣ್ಣು ಮಂಜಾದರೆ ಕಾಯುವ ಮಾತೇ ಇಲ್ಲ, 108ಕ್ಕೆ ಫೋನ್ ಮಾಡಬೇಕು.

ಹೆರಿಗೆಯ ಮೊದಲ ಹಂತವೇ ಎಲ್ಲಕ್ಕಿಂತ ದೀರ್ಘ. ಗರ್ಭಕೋಶದ ಬಾಯಿ ತೆಳ್ಳಗಾಗಿ, ಹತ್ತು ಸೆಂಟಿಮೀಟರ್ ಅಗಲಕ್ಕೆ ತೆರೆಯುವ ಹಂತ ಇದು. ಬಿಗಿ ಕತ್ತಿನ ಬನಿಯನ್ನನ್ನು ತಲೆಗೆ ತೂರಿಸಿ ಎಳೆದುಕೊಂಡಾಗ ಕತ್ತಿನ ಪಟ್ಟಿ ಹಿಗ್ಗಿ ಮೇಲೇರುವ ಹಾಗೆ, ಪ್ರತಿ ಬೇನೆಗೂ ಗರ್ಭಕೋಶದ ಬಾಯಿ ಮಗುವಿನ ತಲೆಯ ಮೇಲೆ ಒಂದಿಷ್ಟೇ ಮೇಲಕ್ಕೆ ಸರಿಯುತ್ತದೆ. ಬೇನೆ ಬಿಟ್ಟಾಗ ಸ್ನಾಯು ಪೂರ್ತಿ ಹಳೆಯ ಅಳತೆಗೆ ಮರಳುವುದಿಲ್ಲ, ಗಳಿಸಿದಷ್ಟನ್ನು ಉಳಿಸಿಕೊಳ್ಳುತ್ತದೆ. ಎರಡು ಬೇನೆಗಳ ನಡುವಿನ ಬಿಡುವು ತಾಯಿಯ ಸುಧಾರಿಕೆಗೆ ಮಾತ್ರವಲ್ಲ. ಗರ್ಭಕೋಶ ಬಿಗಿದಾಗ ಮಾಸಿಗೆ ಹೋಗುವ ರಕ್ತ ತಗ್ಗುತ್ತದೆ, ಸಡಿಲಾದಾಗ ಮತ್ತೆ ಹರಿಯುತ್ತದೆ. ಆ ಬಿಡುವಿನಲ್ಲೇ ಮಗು ಆಮ್ಲಜನಕ ತುಂಬಿಕೊಳ್ಳುವುದು. ಡ್ರಿಪ್ ಜಾಸ್ತಿಯಾಗಿ ಬೇನೆಗಳು ಬಿಡುವಿಲ್ಲದೆ ಬಂದರೆ ಮಗುವಿನ ಎದೆಬಡಿತ ಏರುಪೇರಾಗುವುದೂ ಇದೇ ಕಾರಣಕ್ಕೆ.

ಮೊದಲ ನಾಲ್ಕೈದು ಸೆಂಟಿಮೀಟರ್ ತೆರೆಯುವುದಕ್ಕೇ ಚೊಚ್ಚಲು ಬಸುರಿಗೆ ಕೆಲವೊಮ್ಮೆ ಒಂದು ಹಗಲು ಒಂದು ರಾತ್ರಿ ಹಿಡಿಯುತ್ತದೆ. ಬ್ಯಾಗು, ಫ್ಲಾಸ್ಕು, ಹಳೆ ಸೀರೆ ಎಲ್ಲ ಹೊತ್ತು ಆಸ್ಪತ್ರೆಗೆ ಬಂದವರಿಗೆ "ಎರಡು ಬೆರಳಷ್ಟೇ ಬಿಟ್ಟಿದೆ, ಮನೆಗೆ ಹೋಗಿ ಬನ್ನಿ" ಎಂಬ ಉತ್ತರ ಸಿಗುವುದು ಈ ಹೊತ್ತಿನಲ್ಲೇ. ಅದು ಅಸಡ್ಡೆಯ ಮಾತಿನಂತೆ ಕೇಳಿಸುತ್ತದೆ. ಆದರೆ ಬೇಗ ದಾಖಲಾದಷ್ಟೂ ಬೇಡದ ಡ್ರಿಪ್ಪು, ಬೇಡದ ಆತುರ ಹೆಚ್ಚು ಎಂಬುದು ಅನುಭವದ ಮಾತು. ದೂರದ ಹಳ್ಳಿಯಿಂದ ಕೊನೆಯ ಬಸ್ಸಿಗೆ ಬಂದವರನ್ನು ವಾಪಸು ಕಳಿಸುವುದು ಬೇರೆ ಪ್ರಶ್ನೆ, ಅಂಥವರಿಗೆ ಆಸ್ಪತ್ರೆಯಲ್ಲೇ ಜಾಗ ಕೊಡಬೇಕು.

ಎಷ್ಟು ವೇಗದಲ್ಲಿ ತೆರೆದರೆ ಸರಿ ಎಂಬುದರ ಲೆಕ್ಕಕ್ಕೂ ಒಂದು ಚರಿತ್ರೆಯಿದೆ. ಅಮೆರಿಕದ ವೈದ್ಯ ಇಮ್ಯಾನ್ಯುಯೆಲ್ ಫ್ರೀಡ್‌ಮನ್ 1950ರ ದಶಕದ ಮಧ್ಯಭಾಗದಲ್ಲಿ ಚೊಚ್ಚಲು ಹೆರಿಗೆಗಳನ್ನು ಗಮನಿಸಿ ಒಂದು ನಕ್ಷೆ ಬರೆದ. ಅದರಿಂದ ಹೊರಟ "ಗಂಟೆಗೆ ಒಂದು ಸೆಂಟಿಮೀಟರ್" ಎಂಬ ನಿಯಮ ಜಗತ್ತಿನ ಹೆರಿಗೆ ಕೋಣೆಗಳನ್ನು ಅರ್ಧ ಶತಮಾನ ಆಳಿತು. ಗೆರೆಗಿಂತ ಹಿಂದೆ ಬಿದ್ದವಳಿಗೆ ಡ್ರಿಪ್ಪು, ಅದಕ್ಕೂ ಬಗ್ಗದಿದ್ದರೆ ಸಿಸೇರಿಯನ್. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಈ ನಿಯಮವನ್ನು ಕೈಬಿಟ್ಟಿತು. ಐದು ಸೆಂಟಿಮೀಟರಿನಿಂದ ಮುಂದಿನದನ್ನು ಮಾತ್ರ ಚುರುಕಿನ ಹಂತ ಎಂದು ಎಣಿಸಬೇಕು, ಅದು ಚೊಚ್ಚಲಿಗೆ 12 ಗಂಟೆ, ಆಮೇಲಿನ ಹೆರಿಗೆಗಳಿಗೆ 10 ಗಂಟೆಯವರೆಗೂ ಹಿಡಿಯಬಹುದು, ತಾಯಿ ಮಗು ಚೆನ್ನಾಗಿದ್ದರೆ ನಿಧಾನವೊಂದೇ ಕಾರಣಕ್ಕೆ ಕೈಹಾಕಬಾರದು ಎಂದು ಹೇಳಿತು. ಹೆರಿಗೆ ಮಾಡಿಸುವವರ ಜಾಣತನದ ಬಹುಪಾಲು ಸುಮ್ಮನಿರುವುದರಲ್ಲಿದೆ. ಆದರೆ ಕಣ್ಣು ಮುಚ್ಚಿ ಸುಮ್ಮನಿರುವಂತಿಲ್ಲ.

ಆ ಕಾವಲು ಹೇಗಿರುತ್ತದೆ ಎಂಬುದನ್ನು ಯಾವುದೇ ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಬಹುದು. ನರ್ಸು ಬಸುರಿಯ ಹೊಟ್ಟೆಯ ಮೇಲ್ಭಾಗದಲ್ಲಿ ಅಂಗೈ ಇಟ್ಟು, ಇನ್ನೊಂದು ಕೈಯ ಗಡಿಯಾರ ನೋಡುತ್ತಾ ಹತ್ತು ನಿಮಿಷ ಕೂರುತ್ತಾಳೆ. ತಾಯಿಗೆ ನೋವು ಗೊತ್ತಾಗುವ ಮೊದಲೇ ಅಂಗೈಗೆ ಬಿಗಿತ ಗೊತ್ತಾಗುತ್ತದೆ. ಹತ್ತು ನಿಮಿಷಕ್ಕೆ ಎಷ್ಟು ಬೇನೆ, ಒಂದೊಂದೂ ಎಷ್ಟು ಸೆಕೆಂಡು ಎಂದು ಎಣಿಸುತ್ತಾಳೆ. ಚುರುಕಿನ ಹಂತದಲ್ಲಿ ಮೂರರಿಂದ ಐದು, ಒಂದೊಂದೂ ನಲವತ್ತರಿಂದ ಅರವತ್ತು ಸೆಕೆಂಡು ಇರಬೇಕು. ಆಮೇಲೆ ಡಾಪ್ಲರ್ ಉಪಕರಣ ಇಟ್ಟು ಮಗುವಿನ ಎದೆಬಡಿತ ಕೇಳುತ್ತಾಳೆ, ನಿಮಿಷಕ್ಕೆ 110ರಿಂದ 160. ಇದನ್ನು ಅರ್ಧ ಗಂಟೆಯೊಳಗೆ ಒಮ್ಮೆಯಾದರೂ ಮಾಡಬೇಕು. ಗರ್ಭಕೋಶದ ಬಾಯಿಯನ್ನು ನಾಲ್ಕು ಗಂಟೆಗೊಮ್ಮೆ ಪರೀಕ್ಷಿಸಿ, ಎಲ್ಲವನ್ನೂ ಪಾರ್ಟೊಗ್ರಾಫ್ ಎಂಬ ಒಂದೇ ಹಾಳೆಯ ಮೇಲೆ ಗುರುತು ಹಾಕುತ್ತಾಳೆ. ಪಾಳಿ ಬದಲಾಗಿ ಬೇರೆ ನರ್ಸು ಬಂದರೂ ಹಾಳೆ ನೋಡಿದರೆ ರಾತ್ರಿಯ ಕತೆ ಪೂರ್ತಿ ತಿಳಿಯಬೇಕು. ಹೆರಿಗೆಗಳು ಒಟ್ಟಿಗೇ ಬಂದ ದಿನ ಆ ಹಾಳೆ ತುಂಬುವುದು ಹೆರಿಗೆ ಮುಗಿದ ಮೇಲೆ ಎಂಬುದೂ ಎಲ್ಲರಿಗೂ ಗೊತ್ತಿರುವ ಗುಟ್ಟು.

ನೋವಿನ ಬಗ್ಗೆ ಎರಡು ಬಗೆಯ ಸುಳ್ಳುಗಳು ಚಾಲ್ತಿಯಲ್ಲಿವೆ. ಹೆಣ್ಣಾದ ಮೇಲೆ ಇಷ್ಟೂ ತಡೆಯಲಾರೆಯಾ ಎಂಬುದು ಒಂದು, ಸರಿಯಾಗಿ ಉಸಿರಾಡಿದರೆ ನೋವೇ ಆಗದು ಎಂಬುದು ಇನ್ನೊಂದು. ಮೊದಲ ಹಂತದ ನೋವು ಗರ್ಭಕೋಶದ ಸಂಕೋಚನದಿಂದಲೂ ಬಾಯಿ ಹಿಗ್ಗುವುದರಿಂದಲೂ ಬರುತ್ತದೆ. ಇಂಥ ಕಡೆಯೇ ಎಂದು ಬೆರಳಿಟ್ಟು ತೋರಿಸಲಾಗದ, ಸೊಂಟ, ಹೊಟ್ಟೆ, ತೊಡೆಗಳಿಗೆಲ್ಲ ಹರಡುವ ನೋವು. ಎರಡನೇ ಹಂತದ್ದು ಬೇರೆ; ಜನನಾಂಗದ ಸುತ್ತಲಿನ ಚರ್ಮ, ಸ್ನಾಯು ಹಿಗ್ಗುವಾಗಿನ ಚುರುಕು ಉರಿ. ಒಬ್ಬಳಿಗೆ ಹಲ್ಲು ಕಚ್ಚಿ ತಡೆಯುವಷ್ಟಿದ್ದದ್ದು ಇನ್ನೊಬ್ಬಳಿಗೆ ಜೀವ ಹೋಗುವಷ್ಟಿರುತ್ತದೆ, ಒಬ್ಬಳಿಗೇ ಒಂದು ಹೆರಿಗೆಯ ಹಾಗೆ ಇನ್ನೊಂದಿರುವುದಿಲ್ಲ. ಭಯವಾದಾಗ ಏರುವ ಅಡ್ರಿನಲಿನ್ ಬೇನೆಯ ಲಯ ಕೆಡಿಸಬಲ್ಲದು. ಹಾಗಾಗಿ ಬಸುರಿಯನ್ನು ಗದರಿಸುವುದು ಅಸಭ್ಯತೆಯಷ್ಟೇ ಅಲ್ಲ, ಕೆಟ್ಟ ವೈದ್ಯಕೀಯವೂ ಹೌದು.

ನೋವು ಸಹ್ಯವಾಗುವ ದಾರಿಗಳು ಹಲವು. ಓಡಾಡುವುದು, ಗೋಡೆಗೋ ಮಂಚಕ್ಕೋ ಒರಗಿ ಮುಂದೆ ಬಾಗುವುದು, ಮೊಣಕಾಲೂರಿ ಕೂರುವುದು, ಸೊಂಟದ ಕೆಳಭಾಗವನ್ನು ಯಾರಾದರೂ ಅಂಗೈಯಿಂದ ಒತ್ತಿ ಉಜ್ಜುವುದು, ಬಿಸಿನೀರಿನ ಶಾಖ. ತೊಡಕಿಲ್ಲದ ಹೆರಿಗೆಯಲ್ಲಿ ಗಂಜಿ, ಹಣ್ಣಿನ ರಸ, ಎಳನೀರು ಕೊಡುವುದಕ್ಕೆ ಅಡ್ಡಿಯಿಲ್ಲ. ಏನೂ ತಿನ್ನಿಸದೆ ಹನ್ನೆರಡು ಗಂಟೆ ದುಡಿಸುವ ಕೆಲಸ ಬೇರೆ ಯಾವುದೂ ಇರಲಾರದು. ಔಷಧದ ದಾರಿ ಶುರುವಾದದ್ದು 1847ರಲ್ಲಿ, ಎಡಿನ್‌ಬರೊದ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ಕ್ಲೋರೊಫಾರ್ಮ್ ಬಳಸಿದಾಗ. 1853ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೇ ಹೆರಿಗೆಗೆ ಅದನ್ನೇ ಕೇಳಿ ಪಡೆದ ಮೇಲೆ ಆಕ್ಷೇಪಗಳ ಸದ್ದು ಕಡಿಮೆಯಾಯಿತು. ಈಗಿನ ಪರಿಣಾಮಕಾರಿ ಉಪಾಯ ಎಪಿಡ್ಯೂರಲ್. ಬೆನ್ನುಮೂಳೆಯ ಸಂದಿಯಲ್ಲಿ ಸಣ್ಣ ಕೊಳವೆ ಇಟ್ಟು ಅರಿವಳಿಕೆ ಹರಿಸುತ್ತಾರೆ. ತಾಯಿ ಎಚ್ಚರವಾಗಿರುತ್ತಾಳೆ, ನೋವು ಬಹುಪಾಲು ಇಳಿಯುತ್ತದೆ, ಮಗುವನ್ನು ಕೆಳಕ್ಕೆ ನೂಕುವ ಹಂತ ಕೊಂಚ ಉದ್ದವಾಗುತ್ತದೆ. ಇದಕ್ಕೆ ಅರಿವಳಿಕೆ ತಜ್ಞರು ಪಕ್ಕದಲ್ಲೇ ಇರಬೇಕು. ಹಾಗಾಗಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುವ ಈ ಸೌಕರ್ಯ ತಾಲ್ಲೂಕು ಕೇಂದ್ರಗಳಲ್ಲಿ ಅಪರೂಪ.

ಔಷಧವಲ್ಲದ ಒಂದು ಉಪಾಯ ಮಾತ್ರ ಎಲ್ಲ ಕಡೆಯೂ ಸಿಗಬಲ್ಲದು: ಜೊತೆಗೊಬ್ಬರು ಇರುವುದು. ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರು ಪಾಲ್ಗೊಂಡ 26 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆ, ಬೇನೆಯುದ್ದಕ್ಕೂ ಒಬ್ಬರು ಜೊತೆಗಿದ್ದರೆ ಹೆರಿಗೆ ಸಹಜವಾಗಿ ಆಗುವ ಸಂಭವ ಹೆಚ್ಚು, ಅವಧಿ ಕಡಿಮೆ, ಸಿಸೇರಿಯನ್ ಕಡಿಮೆ ಎಂದು ಹೇಳಿತು. ಸೂಲಗಿತ್ತಿಯ ಕಾಲದಲ್ಲಿ ಇದಕ್ಕೆ ಅಧ್ಯಯನ ಬೇಕಿರಲಿಲ್ಲ. ತವರಿನ ಒಳಮನೆಯಲ್ಲಿ ತಾಯಿ, ಅತ್ತೆ, ನೆರೆಯ ಹಿರಿಯಳು ಸುತ್ತ ಇರುತ್ತಿದ್ದರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅಜ್ಜಿಯಿಂದ ಕಲಿತ ವಿದ್ಯೆಯಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಹೊಟ್ಟೆ ಮುಟ್ಟಿಯೇ ಮಗು ಹೇಗೆ ಮಲಗಿದೆ ಎಂದು ತಿಳಿಯುವ ಕೈ ಅಂಥವರದು. ಆದರೆ ಆ ಒಳಮನೆಯಲ್ಲಿ ರಕ್ತಸ್ರಾವ ನಿಲ್ಲದಿದ್ದರೆ, ಮಗು ಅಡ್ಡ ಸಿಕ್ಕಿಕೊಂಡರೆ ಮಾಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಆ ಕಾಲವನ್ನು ಬರೀ ಹೊಗಳುವವರು ಇದನ್ನು ಮರೆಯುತ್ತಾರೆ.

ಕರ್ನಾಟಕದಲ್ಲಿ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂದದ್ದು ಬಹಳ ವೇಗವಾಗಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರ ಹೊತ್ತಿಗೆ ರಾಜ್ಯದ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 65 ಆಸ್ಪತ್ರೆಯಲ್ಲಾಗುತ್ತಿದ್ದರೆ, 2019-21ರಲ್ಲಿ ಅದು 97ಕ್ಕೆ ಏರಿತು. ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, 108 ಆಂಬ್ಯುಲೆನ್ಸ್, ಮಡಿಲು ಕಿಟ್, ಬಾಣಂತಿಯನ್ನು ಮನೆಗೆ ಬಿಡುವ ನಗು-ಮಗು ವಾಹನ ಎಲ್ಲ ಸೇರಿ ಆದ ಬದಲಾವಣೆ ಇದು. ಆದರೆ ಆಸ್ಪತ್ರೆ ಬಸುರಿಯನ್ನು ಒಳಗೆ ಕರೆದುಕೊಂಡು ಮನೆಯವರನ್ನು ಬಾಗಿಲಾಚೆ ನಿಲ್ಲಿಸಿತು. ಬದುಕಿನ ಅತಿ ಕಷ್ಟದ ಹೊತ್ತನ್ನು ಗುರುತಿಲ್ಲದವರ ನಡುವೆ ಒಬ್ಬಳೇ ಕಳೆಯುವ ಪರಿಸ್ಥಿತಿ ಹೀಗೆ ಬಂತು. ಬೈಗುಳ, ತೊಡೆಗೆ ಏಟು ಕೂಡ ಕೆಲವು ಕಡೆ ಮಾಮೂಲಾದವು. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಇಂಥ ವರ್ತನೆಯನ್ನು ಹೆಣ್ಣಿನ ಹಕ್ಕಿನ ಉಲ್ಲಂಘನೆ ಎಂದು ಕರೆಯಿತು. 2016ರಲ್ಲಿ ಕೇಂದ್ರ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಒಬ್ಬ ಜೊತೆಗಾತಿಯನ್ನು ಬಿಡಬೇಕೆಂದಿತು, ಮರುವರ್ಷ ಶುರುವಾದ ಲಕ್ಷ್ಯ ಕಾರ್ಯಕ್ರಮ ಪರದೆ, ಗೌರವ, ಖಾಸಗಿತನಗಳನ್ನು ಅಂಕ ಕೊಟ್ಟು ಅಳೆಯುವ ವಿಷಯವಾಗಿಸಿತು. ಜೊತೆಗೆ ಬರುವವಳು ತಾನೂ ಹೆತ್ತವಳಾಗಿದ್ದರೆ ಒಳ್ಳೆಯದು. ಗಂಡನನ್ನು ಬಿಡುವ ವಿಷಯದಲ್ಲಿ ಜಾಗದ ಅಡಚಣೆ ಮುಖ್ಯ. ಒಂದೇ ಕೋಣೆಯಲ್ಲಿ ನಾಲ್ಕು ಮಂಚಗಳಿದ್ದರೆ ಉಳಿದ ಮೂವರ ಮರ್ಯಾದೆಯನ್ನೂ ನೋಡಬೇಕಲ್ಲ.

ಏಳೆಂಟು ಸೆಂಟಿಮೀಟರ್ ದಾಟಿದ ಮೇಲೆ ಬರುವ ಅರ್ಧ ಒಂದು ಗಂಟೆ ಅತ್ಯಂತ ಕಠಿಣ. ಬೇನೆಗಳ ನಡುವಿನ ಬಿಡುವು ಒಂದೆರಡು ನಿಮಿಷಕ್ಕೆ ಇಳಿದಿರುತ್ತದೆ. ಕೈಕಾಲು ನಡುಗುತ್ತವೆ, ವಾಂತಿಯಾಗುತ್ತದೆ, ಚಳಿಯೂ ಸೆಕೆಯೂ ಒಟ್ಟಿಗೇ ಆಗುತ್ತದೆ. "ನನ್ನ ಕೈಲಾಗಲ್ಲ, ಆಪರೇಶನ್ ಮಾಡಿಬಿಡಿ" ಎಂದು ಅಲ್ಲಿಯವರೆಗೂ ಗಟ್ಟಿಯಾಗಿದ್ದವಳೂ ಅಳುತ್ತಾಳೆ. ಅನುಭವಸ್ಥ ನರ್ಸುಗಳಿಗೆ ಆ ಮಾತೇ ಒಂದು ಸೂಚನೆ: ಇನ್ನೇನು ಬಾಯಿ ಪೂರ್ತಿ ತೆರೆಯಲಿದೆ.

ಎರಡನೇ ಹಂತದಲ್ಲಿ ಮಗು ಮೂಳೆಯ ದಾರಿಯಲ್ಲಿ ಇಳಿಯುತ್ತದೆ. ಮನುಷ್ಯರ ಹೆರಿಗೆ ಉಳಿದ ಪ್ರಾಣಿಗಳಿಗಿಂತ ಕಷ್ಟವಾಗಿರುವುದಕ್ಕೆ ಕಾರಣ ಇಲ್ಲಿದೆ. ಎರಡು ಕಾಲಲ್ಲಿ ನಡೆಯುವುದಕ್ಕೆ ಹೊಂದಿಕೊಂಡ ಸೊಂಟದ ಮೂಳೆಯ ದಾರಿ ಇಕ್ಕಟ್ಟು, ಮಗುವಿನ ತಲೆಯೋ ದೊಡ್ಡದು. ಸುತ್ತಳತೆ ಸುಮಾರು 35 ಸೆಂಟಿಮೀಟರ್. ದಾರಿಯ ಮೇಲಿನ ಬಾಗಿಲು ಅಡ್ಡಡ್ಡ ಅಗಲ, ಕೆಳಗಿನದು ಹಿಂದುಮುಂದಾಗಿ ಅಗಲ. ಹಾಗಾಗಿ ಮಗು ಗಲ್ಲವನ್ನು ಎದೆಗೆ ಒತ್ತಿಕೊಂಡು, ಮುಖವನ್ನು ತಾಯಿಯ ಪಕ್ಕೆಯ ಕಡೆ ಮಾಡಿ ಒಳಬಂದು, ಇಳಿಯುತ್ತಾ ತಿರುಗಿ, ತಾಯಿಯ ಬೆನ್ನಿನ ಕಡೆ ಮುಖ ಮಾಡಿ ಹೊರಬರುತ್ತದೆ. ತಲೆಬುರುಡೆಯ ಮೂಳೆಗಳು ಇನ್ನೂ ಬೆಸೆದಿಲ್ಲದ ಕಾರಣ ಒಂದರ ಮೇಲೊಂದು ಕೊಂಚ ಸರಿದು ತಲೆ ಕಿರಿದಾಗುತ್ತದೆ. ಹುಟ್ಟಿದ ಮಗುವಿನ ತಲೆ ಉದ್ದುದ್ದವಾಗಿ ಕಂಡರೆ ಗಾಬರಿಯಾಗಬೇಕಿಲ್ಲ, ಕೆಲವೇ ದಿನಗಳಲ್ಲಿ ಗುಂಡಗಾಗುತ್ತದೆ. ಮಗು ಬೆನ್ನಿನ ಕಡೆ ಮುಖ ಮಾಡಿ ಬರುವುದರಿಂದ, ಹೆರುತ್ತಿರುವವಳು ತಾನೇ ಕೈಚಾಚಿ ಅದನ್ನು ಎಳೆದುಕೊಳ್ಳುವುದು, ಕೊರಳಿಗೆ ಸುತ್ತಿದ ಬಳ್ಳಿ ಬಿಡಿಸುವುದು ಕಷ್ಟ. ಹೆರಿಗೆಗೆ ಇನ್ನೊಬ್ಬರ ನೆರವು ಮನುಷ್ಯಕುಲದಷ್ಟೇ ಹಳೆಯದಿರಬೇಕು ಎಂದು ಅಮೆರಿಕದ ಮಾನವಶಾಸ್ತ್ರಜ್ಞೆ ವೆಂಡಾ ಟ್ರೆವಾಥನ್ ವಾದಿಸಿದ್ದು ಈ ಆಧಾರದ ಮೇಲೆ.

ತಲೆ ಕೆಳಗಿಳಿದು ಒತ್ತಿದಾಗ ತಾನಾಗಿಯೇ ಮುಕ್ಕಬೇಕೆನಿಸುತ್ತದೆ, ತಡೆದರೂ ತಡೆಯಲಾಗದು. ಆ ಒತ್ತಡ ಬಂದಾಗ ಮುಕ್ಕುವುದು, ಬಿಟ್ಟಾಗ ಉಸಿರೆಳೆದು ಸುಧಾರಿಸಿಕೊಳ್ಳುವುದು ಸರಿಯಾದ ಕ್ರಮ. ಇನ್ನೂ ಬಾಯಿ ಬಿಡದಿರುವಾಗಲೇ "ಮುಕ್ಕು, ಮುಕ್ಕು" ಎಂದು ಕೂಗಿ ದಣಿಸುವುದರಿಂದ ಪ್ರಯೋಜನವಿಲ್ಲ. ಬೆನ್ನ ಮೇಲೆ ಮಲಗಿಸಿ ಕಾಲೆತ್ತಿ ಕಟ್ಟುವ ಭಂಗಿ ಮಾಡಿಸುವವರಿಗೆ ಅನುಕೂಲವೇ ಹೊರತು ಹೆರುವವಳಿಗಲ್ಲ. ಕುಕ್ಕರಗಾಲಲ್ಲಿ ಕೂತರೆ, ಮೊಣಕಾಲೂರಿದರೆ, ಮಗ್ಗುಲಾದರೆ ಭೂಮಿಯ ಸೆಳೆತವೋ ಮೂಳೆಯ ಹಿಗ್ಗುವಿಕೆಯೋ ನೆರವಿಗೆ ಬರುತ್ತದೆ. ಯಾವ ಭಂಗಿ ಎಂಬುದು ಅವಳ ಆಯ್ಕೆಯಾಗಬೇಕು ಎಂಬುದೇ ಈಗಿನ ಶಿಫಾರಸು. ಹೊಟ್ಟೆಯ ಮೇಲೆ ಮೊಣಕೈ ಊರಿ ಮಗುವನ್ನು ಕೆಳಕ್ಕೆ ನೂಕುವುದು, ಅಗತ್ಯ ನೋಡದೆ ಎಲ್ಲರಿಗೂ ಯೋನಿದ್ವಾರ ಕತ್ತರಿಸಿ ಹೊಲಿಗೆ ಹಾಕುವುದು, ಎನಿಮಾ ಕೊಡುವುದು, ಕೂದಲು ತೆಗೆಯುವುದು ಇವೆಲ್ಲ ಬಿಡಬೇಕಾದ ಹಳೆ ಅಭ್ಯಾಸಗಳು.

ತಲೆಯ ಕೂದಲು ಮೊದಲು ಬೇನೆಯಲ್ಲಿ ಕಂಡು, ಬೇನೆ ಬಿಟ್ಟಾಗ ಹಿಂದೆ ಸರಿಯುತ್ತದೆ. ಇದು ಹಲವು ಸಲ ಆಗುತ್ತದೆ, ಚರ್ಮ ಹಿಗ್ಗಲು ಈ ಹಿಂದುಮುಂದಾಟ ಬೇಕು. ಕೊನೆಗೊಮ್ಮೆ ತಲೆ ಹಿಂದೆ ಸರಿಯದೆ ನಿಲ್ಲುತ್ತದೆ. ಉರಿ ಆಗ ತುದಿ ಮುಟ್ಟುತ್ತದೆ. ಈ ಘಳಿಗೆಯಲ್ಲಿ ಮುಕ್ಕದೆ, ಬಾಯಿ ತೆರೆದು ಏದುಸಿರು ಬಿಡಲು ಹೇಳುತ್ತಾರೆ. ತಲೆ ಮೆಲ್ಲಗೆ ಬಂದಷ್ಟೂ ಸೀಳು ಕಡಿಮೆ. ಹಣೆ, ಮೂಗು, ಬಾಯಿ, ಗಲ್ಲ ಒಂದರ ಹಿಂದೊಂದು ಹೊರಬಂದು, ತಲೆ ಪಕ್ಕಕ್ಕೆ ತಿರುಗಿ, ಮುಂದಿನ ಬೇನೆಗೆ ಒಂದು ಭುಜ, ಇನ್ನೊಂದು ಭುಜ, ಆಮೇಲೆ ಮೈ ಜಾರಿ ಬರುತ್ತದೆ. ಚೊಚ್ಚಲಿಗೆ ಈ ಹಂತ ಮೂರು ಗಂಟೆಯವರೆಗೂ, ಎರಡನೆಯದಕ್ಕೆ ಎರಡು ಗಂಟೆಯವರೆಗೂ ಹೋಗಬಹುದು. ಎರಡನೆಯದು ಹತ್ತೇ ನಿಮಿಷದಲ್ಲಿ ಮುಗಿದು ಆಂಬ್ಯುಲೆನ್ಸಿನಲ್ಲೇ ಹೆರಿಗೆಯಾದ ಸುದ್ದಿಗಳಿಗೂ ಕೊರತೆಯಿಲ್ಲ.

ಮಗುವನ್ನು ತಾಯಿಯ ಹೊಟ್ಟೆಯ ಮೇಲೆ ಹಾಕಿ ಒಣಬಟ್ಟೆಯಿಂದ ಒರೆಸುತ್ತಾರೆ. ಹೊಕ್ಕುಳಬಳ್ಳಿಯನ್ನು ತಕ್ಷಣ ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾದರೆ ಮಾಸಿನಲ್ಲಿ ಉಳಿದ ರಕ್ತ ಮಗುವಿಗೆ ಸೇರುತ್ತದೆ, ಮುಂದಿನ ತಿಂಗಳುಗಳ ಕಬ್ಬಿಣಾಂಶಕ್ಕೆ ಅದು ಬುತ್ತಿ. ಮೊದಲ ಉಸಿರಿಗೆ ಶ್ವಾಸಕೋಶ ಬಿರಿದು, ಅಲ್ಲಿದ್ದ ನೀರು ಇಂಗಿ, ಹೃದಯದೊಳಗಿನ ರಕ್ತದ ದಾರಿಯೇ ಬದಲಾಗುತ್ತದೆ. ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಆಪ್ಗರ್ 1952ರಲ್ಲಿ ರೂಪಿಸಿದ ಪದ್ಧತಿಯಂತೆ ಬಣ್ಣ, ಎದೆಬಡಿತ, ಪ್ರತಿಕ್ರಿಯೆ, ಸ್ನಾಯುಬಿಗುವು, ಉಸಿರಾಟ ಐದಕ್ಕೂ ಎರಡೆರಡು ಅಂಕದಂತೆ ಒಂದನೇ ಮತ್ತು ಐದನೇ ನಿಮಿಷಕ್ಕೆ ಮಗುವನ್ನು ಅಳೆಯುತ್ತಾರೆ. ಕೈಕಾಲು ನೀಲಿಯಾಗಿರುವುದು ಮಾಮೂಲಿ, ಹಾಗಾಗಿ ಹತ್ತಕ್ಕೆ ಹತ್ತು ಪಡೆಯುವ ಮಕ್ಕಳು ಕಡಿಮೆ.

ಎಲ್ಲರ ಕಣ್ಣೂ ಮಗುವಿನ ಮೇಲಿರುವ ಈ ಹೊತ್ತೇ ತಾಯಿಗೆ ಅತಿ ಅಪಾಯದ್ದು. ಮಾಸು ಇನ್ನೂ ಬಿದ್ದಿರುವುದಿಲ್ಲ. ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದ ಜಾಗದಲ್ಲಿ ಬಾಯ್ತೆರೆದ ರಕ್ತನಾಳಗಳನ್ನು ಮುಚ್ಚುವುದು ಹೆಣೆದುಕೊಂಡಿರುವ ಸ್ನಾಯುಗಳ ಬಿಗಿತವೊಂದೇ. ಗರ್ಭಕೋಶ ಬಿಗಿಯದೆ ಮೆತ್ತಗೇ ಉಳಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಕುತ್ತು. ಅದಕ್ಕೇ ಮಗು ಹುಟ್ಟಿದ ಕೂಡಲೇ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ. ಅರ್ಧ ಗಂಟೆಯೊಳಗೆ ಸುಮಾರು ಅರ್ಧ ಕಿಲೋ ತೂಗುವ ಮಾಸು ಬೀಳುತ್ತದೆ. ಅದು ಪೂರ್ತಿ ಬಂದಿದೆಯೇ ಎಂದು ಅಂಗೈಯಲ್ಲಿ ಹರಡಿ ನೋಡಲೇಬೇಕು, ಒಂದು ತುಣುಕು ಒಳಗುಳಿದರೂ ರಕ್ತ ನಿಲ್ಲದು. ಬಟ್ಟೆ, ಹಾಸಿಗೆಗೆ ಹೀರಿಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಅಳೆದರೆ ಅರ್ಧಕ್ಕರ್ಧ ತಪ್ಪುತ್ತದೆ. ತಾಯಿಯ ಅಡಿಗೆ ಅಳತೆಗೆರೆಯಿರುವ ಪ್ಲಾಸ್ಟಿಕ್ ಚೀಲ ಹಾಸಿ, ಮಿತಿ ಮೀರಿದೊಡನೆ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೇ ಶುರುಮಾಡುವ ಕ್ರಮವನ್ನು ಆಫ್ರಿಕಾದ ನಾಲ್ಕು ದೇಶಗಳಲ್ಲಿ ಪರೀಕ್ಷಿಸಿದಾಗ ತೀವ್ರ ರಕ್ತಸ್ರಾವದ ಪರಿಣಾಮಗಳು ಶೇ 60ರಷ್ಟು ತಗ್ಗಿದವು ಎಂದು 2023ರಲ್ಲಿ ವರದಿಯಾಯಿತು. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇತ್ತು. ಮೊದಲೇ ರಕ್ತ ಕಡಿಮೆಯಿದ್ದವಳಿಗೆ ಉಳಿದವರು ತಡೆದುಕೊಳ್ಳುವಷ್ಟು ನಷ್ಟವೂ ಮಾರಕ. ಬಸುರಿಯಾಗಿದ್ದಾಗ ನುಂಗಿದ ಕಬ್ಬಿಣದ ಮಾತ್ರೆಗಳ ಬೆಲೆ ತಿಳಿಯುವುದು ಹೆರಿಗೆ ಮಂಚದ ಮೇಲೆ.

ಎಲ್ಲ ಹೆರಿಗೆಯೂ ಈ ದಾರಿಯಲ್ಲೇ ಸಾಗುವುದಿಲ್ಲ. ಮಗು ಅಡ್ಡ ಮಲಗಿದ್ದರೆ, ಮಾಸು ಬಾಯಿಗೆ ಅಡ್ಡವಿದ್ದರೆ, ಎದೆಬಡಿತ ಕುಸಿದರೆ ಸಿಸೇರಿಯನ್ ಇಬ್ಬರ ಜೀವವನ್ನೂ ಉಳಿಸುತ್ತದೆ. ಸೊಂಟದ ಕೆಳಗೆ ಮರಗಟ್ಟಿಸಿ, ಕೆಳಹೊಟ್ಟೆಯಲ್ಲಿ ಅಡ್ಡ ಸೀಳಿ, ಐದು ಹತ್ತು ನಿಮಿಷದಲ್ಲಿ ಮಗುವನ್ನು ತೆಗೆಯುತ್ತಾರೆ. ಪದರ ಪದರವಾಗಿ ಹೊಲಿಯುವುದಕ್ಕೇ ಹೆಚ್ಚು ಹೊತ್ತು. ತಾಯಿಗೆ ಎಳೆದಾಟ ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ. ನೋವು ಮರುದಿನ ಎದ್ದು ಕೂರುವಾಗ ಬರುತ್ತದೆ. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಇಡೀ ಜನಸಂಖ್ಯೆಯಲ್ಲಿ ಶೇ 10 ದಾಟಿದ ಮೇಲೆ ಸಿಸೇರಿಯನ್ ಹೆಚ್ಚಿದಂತೆ ಸಾವು ತಗ್ಗುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ವೈದ್ಯರ ಸಮಯ, ಕೋರ್ಟು ಕಚೇರಿಯ ಭಯ, ಬಿಲ್ಲು, ನೋವಿನ ಹೆದರಿಕೆ ಎಲ್ಲವೂ ಈ ಏರಿಕೆಯ ಹಿಂದಿವೆ. ಜೋಯಿಸರಿಂದ ಮುಹೂರ್ತ ಬರೆಸಿಕೊಂಡು ಬರುವ ಮನೆಯವರನ್ನೂ ಈ ಪಟ್ಟಿಗೆ ಸೇರಿಸಬೇಕು. ಸಿಸೇರಿಯನ್ ಆದವಳು ಸೋತವಳೆಂದು ಭಾವಿಸುವುದೂ ಅಷ್ಟೇ ಅರ್ಥಹೀನ. ಒಮ್ಮೆ ಆದವರು ಸೂಕ್ತ ಆಸ್ಪತ್ರೆಯಲ್ಲಿ ಮುಂದಿನ ಸಲ ಸಹಜ ಹೆರಿಗೆಗೆ ಪ್ರಯತ್ನಿಸಿದರೆ ಹತ್ತರಲ್ಲಿ ಆರೇಳು ಮಂದಿಗೆ ಅದು ಸಾಧ್ಯವಾಗುತ್ತದೆ.

ಹೆರಿಗೆಯಾದ ಮೊದಲ ಗಂಟೆಯಲ್ಲೇ ಮಗು ಮೊಲೆಗೆ ಬಾಯಿಡಬೇಕು. ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲಿ, ಜೇನು ಸಕ್ಕರೆನೀರು ನೆಕ್ಕಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಸೋಂಕಿಗೆ ಮಗುವಿನ ಮೊದಲ ರಕ್ಷೆಯನ್ನೇ ಅದು ಚೆಲ್ಲಿದಂತೆ. ಮಗು ಚೀಪಿದಾಗ ಒಸರುವ ಆಕ್ಸಿಟೋಸಿನ್ ಗರ್ಭಕೋಶವನ್ನು ಮತ್ತೆ ಬಿಗಿಸುತ್ತದೆ. ಹಾಲು ಕುಡಿಸುವಾಗ ಹೊಟ್ಟೆ ಹಿಂಡಿದಂತಾಗುವುದು ಇದರಿಂದಲೇ, ಎರಡನೇ ಬಾಣಂತಿಗೆ ಅದು ಇನ್ನೂ ಜೋರು. ಎಣ್ಣೆ ತಿಕ್ಕಿ ಬಿಸಿನೀರೆರೆಯುವುದು, ಬಾಣಂತಿ ಖಾರ, ಸಬ್ಬಸಿಗೆ ಸೊಪ್ಪಿನ ಸಾರು, ಅಂಟಿನುಂಡೆ ಇವೆಲ್ಲ ಮೈಗೂ ಮನಸ್ಸಿಗೂ ಹಿತವೇ. ನೀರು ಕುಡಿಯಬಾರದು, ಹಣ್ಣು ತಿನ್ನಬಾರದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಹಾಕಬೇಕು ಎಂಬ ಕಟ್ಟುಪಾಡುಗಳು ಹಿತವಲ್ಲ.

ಬಾಣಂತಿಯರ ಸಾವಿನ ಪ್ರಮಾಣ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 2004-06ರಲ್ಲಿ 213 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ಆಗಲೂ ದಕ್ಷಿಣದ ರಾಜ್ಯಗಳಲ್ಲಿ ಅದೇ ಹೆಚ್ಚು, ಕೇರಳದ್ದು 19. ಕಾರಣಗಳಲ್ಲಿ ರಕ್ತಸ್ರಾವ, ಏರಿದ ರಕ್ತದೊತ್ತಡ, ಸೋಂಕು ಮುಖ್ಯ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ರಕ್ತನಾಳಕ್ಕೆ ಕೊಟ್ಟ ದ್ರಾವಣದ ಮೇಲೆ ಅನುಮಾನ ಬಂದು, ಅದರ ಬಳಕೆಯನ್ನೇ ರಾಜ್ಯ ನಿಲ್ಲಿಸಬೇಕಾಯಿತು. ಹೆರಿಗೆ ಸಲೀಸಾಗಿ ಆದ ಮೇಲೂ ಜ್ವರ, ದುರ್ವಾಸನೆಯ ಸ್ರಾವ, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ, ಕಾಲಿನ ಮೀನಖಂಡ ಒಂದೇ ಕಡೆ ಊದಿ ನೋಯುವುದು, ಉಬ್ಬಸ, ಫಿಟ್ಸ್ ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಮರಳಬೇಕು.

ಮನಸ್ಸಿನದೂ ಇದೇ ಲೆಕ್ಕ. ಮೂರನೇ ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ಮಂದಿಗೆ ಆಗುತ್ತದೆ, ಎರಡು ವಾರದೊಳಗೆ ಹೋಗುತ್ತದೆ. ಹೋಗದೆ, ನಿದ್ದೆ ಕೆಟ್ಟು, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ ಅದು ಚಿಕಿತ್ಸೆ ಬೇಕಾದ ಖಿನ್ನತೆ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಾ ಕೂತರೆ ದಿನಗಳು ಕೈತಪ್ಪುತ್ತವೆ. ಹೆರಿಗೆಯಲ್ಲಿ ಏನಾಯಿತು, ಯಾಕಾಯಿತು ಎಂದು ಯಾರೂ ವಿವರಿಸದ ತಾಯಂದಿರಲ್ಲಿ ಆ ದಿನದ ಭಯ ಬಹುಕಾಲ ಉಳಿಯುತ್ತದೆ, ಬಿಡುಗಡೆಗೆ ಮುನ್ನ ವೈದ್ಯರು ಐದು ನಿಮಿಷ ಕೂತು ಹೇಳಿದರೆ ಎಷ್ಟೋ ಹಗುರ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಮಗುವಿನ ತೂಕ ನೋಡಿ ಹೊರಡುವ ಬದಲು ತಾಯಿಯ ನಾಡಿ, ಸ್ರಾವ, ಹೊಲಿಗೆ, ನಿದ್ದೆ ವಿಚಾರಿಸುವುದೂ ಆ ಭೇಟಿಯ ಕೆಲಸವೇ.